ಅವಳಿ ಬಸಿರು: ‘ಮಾಸು ಒಂದಾ, ಎರಡಾ?’ ಅಂತ ಕೇಳಲೇಬೇಕು

ಬೈಲಹೊಂಗಲದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಅಕ್ಕ 12 ವಾರದ ಸ್ಕ್ಯಾನಿಂಗ್ ರಿಪೋರ್ಟನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ‘ಅವಳಿ-ಜವಳಿ ಅದಾವಂತ, ಎರಡರದೂ ಎದೆಬಡಿತ ಚಲೋ ಐತಿ’ ಎಂದು ಮನೆಮಂದಿಗೆಲ್ಲ ಖುಷಿ. ನಾನು ಓದಿದ್ದು ಎಂಜಿನಿಯರಿಂಗ್, ಡಾಕ್ಟರಿಕೆ ಅಲ್ಲ. ಆದರೂ ಒಂದು ಸಾಲು ಹುಡುಕಿದೆ, ಸಿಗಲಿಲ್ಲ. ಮಾಸು ಒಂದೋ, ಎರಡೋ?

ಯಾಕೆ ಮುಖ್ಯ?

ಒಂದೇ ಅಂಡಾಣುವಿನಿಂದಾದ ತದ್ರೂಪಿ ಅವಳಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಜೋಡಿ ಒಂದೇ ಮಾಸು ಹಂಚಿಕೊಳ್ಳುತ್ತವೆ. ಆ ಮಾಸಿನೊಳಗೆ ಇಬ್ಬರ ರಕ್ತನಾಳಗಳೂ ಕೂಡಿಕೊಂಡಿರುತ್ತವೆ. ಪೈಪಿನಿಂದ ಜೋಡಿಸಿದ ಎರಡು ಟ್ಯಾಂಕ್ ಅಂದುಕೊಳ್ಳಿ. ಹರಿವು ಸಮನಾಗಿದ್ದರೆ ತೊಂದರೆಯಿಲ್ಲ. ಆದರೆ ಇಂಥ ಬಸಿರುಗಳಲ್ಲಿ ಶೇ. 10ರಿಂದ 15ರಷ್ಟರಲ್ಲಿ ರಕ್ತ ಒಂದೇ ಕಡೆ ವಾಲುತ್ತದೆ. ಕೊಡುವ ಕೂಸಿನ ಸುತ್ತ ನೀರು ಬತ್ತುತ್ತದೆ, ಪಡೆಯುವ ಕೂಸಿನ ಹೃದಯಕ್ಕೆ ಭಾರ ಬೀಳುತ್ತದೆ. ಇದೇ ಟಿಟಿಟಿಎಸ್. ತೀವ್ರವಾದದ್ದನ್ನು ಹಾಗೇ ಬಿಟ್ಟರೆ ಬಹುಪಾಲು ಎರಡೂ ಕೂಸು ಉಳಿಯುವುದಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಏನು ನೋಡುತ್ತಾರೆ?

11ರಿಂದ 14 ವಾರ: ಕೂಸುಗಳ ನಡುವಿನ ಪೊರೆ ಮಾಸಿಗೆ ಸೇರುವ ಜಾಗ ಇಂಗ್ಲಿಷಿನ ‘ಟಿ’ಯಂತಿದ್ದರೆ ಮಾಸು ಒಂದು, ದಪ್ಪ ತ್ರಿಕೋನದಂತಿದ್ದರೆ ಎರಡು. ದಿನ ಕಳೆದಂತೆ ಇದನ್ನು ಗುರುತಿಸೋದು ಕಷ್ಟ.

16 ವಾರದ ನಂತರ: ಮಾಸು ಒಂದೇ ಆಗಿದ್ದರೆ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕು. ಒಂದು ಚೀಲದಲ್ಲಿ ನೀರಿನ ಆಳ 2 ಸೆಂ.ಮೀ.ಗಿಂತ ಕಡಿಮೆ, ಇನ್ನೊಂದರಲ್ಲಿ 8 ಸೆಂ.ಮೀ.ಗಿಂತ ಹೆಚ್ಚಿದ್ದರೆ ಅಪಾಯದ ಸೂಚನೆ. ಮೂತ್ರಕೋಶ ತುಂಬಿದೆಯಾ, ತೂಕದಲ್ಲಿ ಶೇ. 25ರಷ್ಟು ವ್ಯತ್ಯಾಸ ಇದೆಯಾ, ಡಾಪ್ಲರ್‌ನಲ್ಲಿ ರಕ್ತದ ಹರಿವು ಹೇಗಿದೆ ಎಂದೂ ನೋಡುತ್ತಾರೆ. ನೀರು ಸಮನಾಗಿದ್ದರೂ ಒಂದು ಕೂಸಿಗೆ ರಕ್ತಹೀನತೆ ಆಗಬಹುದು; ಅದು ಗೊತ್ತಾಗುವುದು ಮೆದುಳಿನ ರಕ್ತನಾಳದ ಡಾಪ್ಲರ್‌ನಿಂದ.

ಚಿಕಿತ್ಸೆ ಇದೆ. 16ರಿಂದ 26 ವಾರದೊಳಗೆ ಆ ನಾಳಗಳನ್ನು ಲೇಸರ್‌ನಿಂದ ಮುಚ್ಚಬಹುದು. ಬರೀ ನೀರು ತೆಗೆಯುವುದಕ್ಕಿಂತ ಇದೇ ಮೇಲು ಎಂದು 2004ರ ಯುರೋಪಿನ ಅಧ್ಯಯನ ತೋರಿಸಿತು. ಆದರೆ ದೊಡ್ಡ ನಗರಗಳ ಪರಿಣತ ಕೇಂದ್ರಗಳಿಗೇ ಹೋಗಬೇಕು. ಅದಕ್ಕೇ ಬೇಗ ಗೊತ್ತಾಗಬೇಕು.

ನಮ್ಮ ಕಡೆಯ ಲೆಕ್ಕ

16ರಿಂದ 36ನೇ ವಾರದವರೆಗೆ 11 ಸ್ಕ್ಯಾನಿಂಗ್. ಕಿತ್ತೂರು ಹೆದ್ದಾರಿ ಮೇಲಿದೆ, ಸವದತ್ತಿಗೆ ಧಾರವಾಡ ಹತ್ತಿರ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿ.ಮೀ. ಕೂಲಿ ಮಾಡುವ ಹೆಣ್ಣುಮಗಳಿಗೆ 11 ಸಲದ ಬಸ್ಸು, 11 ದಿನದ ಪಗಾರ. 2016ರಲ್ಲಿ ಶುರುವಾದ, ಪ್ರತಿ ತಿಂಗಳ 9ನೇ ತಾರೀಖಿನ ಉಚಿತ ತಪಾಸಣೆ ಒಳ್ಳೆಯದೇ. ಆದರೆ ಈ ಬಸಿರಿಗೆ ತಿಂಗಳಿಗೊಮ್ಮೆ ಸಾಲದು. ಓಡಾಟದ ಖರ್ಚನ್ನು ಸರ್ಕಾರ ಕೊಡಲಿ ಎಂದು ನಾವು ಕೇಳಬೇಕು.

ಇನ್ನೊಂದು ಮಾತು. 1994ರ ಕಾಯ್ದೆ ನಿಷೇಧಿಸಿದ್ದು ಲಿಂಗಪತ್ತೆಯನ್ನು, ಸ್ಕ್ಯಾನಿಂಗ್ ಅನ್ನಲ್ಲ. ‘ಗಂಡಾ, ಹೆಣ್ಣಾ’ ಅಂತ ಕೇಳಬೇಡಿ. ‘ಮಾಸು ಎಷ್ಟು’ ಅಂತ ಕೇಳಿ, ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. ಹೊಟ್ಟೆ ಒಮ್ಮೆಲೇ ಉಬ್ಬಿ ಬಿಗಿಯಾದರೆ, ಉಸಿರು ಕಟ್ಟಿದಂತಾದರೆ ಮುಂದಿನ ತಾರೀಖಿಗೆ ಕಾಯಬೇಡಿ.

ಅಕ್ಕ ಮರುವಾರವೇ ಹೋಗಿ ಕೇಳಿದಳು. ಮಾಸು ಒಂದೇ. ಈಗ ಎರಡು ವಾರಕ್ಕೊಮ್ಮೆ ಬೆಳಗಾವಿ ಬಸ್ ಹತ್ತುತ್ತಾಳೆ.