ಬಳ್ಳಾರಿ ಸೀಮೆಯ ಊಟ: ತಟ್ಟೆಯೊಳಗಿನ ಚರಿತ್ರೆ

ಚರಿತ್ರೆ ಎಂದರೆ ರಾಜರ ಹೆಸರು, ಯುದ್ಧದ ಇಸವಿ, ಕೋಟೆ ಕಟ್ಟಿದವರ ವಿವರ ಎಂದು ನಮ್ಮ ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ಜನರು ಏನು ಬೆಳೆದರು, ಏನು ಉಂಡರು, ಯಾವಾಗ ಹಸಿದರು ಎಂಬುದೂ ಚರಿತ್ರೆಯೇ.

ಬಳ್ಳಾರಿಯ ಯಾವುದೇ ಬೀದಿಯಲ್ಲಿ ಬೆಳಿಗ್ಗೆ ಸಿಗುವ ವಗ್ಗರಣೆ-ಮಿರ್ಚಿಯನ್ನೇ ತೆಗೆದುಕೊಳ್ಳಿ. ನೆನೆಸಿ ಹಿಂಡಿದ ಮಂಡಾಳು, ಈರುಳ್ಳಿ, ಶೇಂಗಾ, ಹಸಿಮೆಣಸಿನಕಾಯಿ, ಪುಟಾಣಿ ಪುಡಿ, ಒಂದಿಷ್ಟು ಲಿಂಬೆಹುಳಿ, ಪಕ್ಕದಲ್ಲಿ ಬಿಸಿಬಿಸಿ ಮಿರ್ಚಿ. ಇದನ್ನು ನಾವು 'ನಮ್ಮೂರ ತಿಂಡಿ' ಎಂದು ಹೆಮ್ಮೆಯಿಂದ ಹೇಳುತ್ತೇವೆ. ಹೇಳುವುದು ಸರಿಯೇ. ಆದರೆ ಇದರಲ್ಲಿರುವ ಮೆಣಸಿನಕಾಯಿ ಮತ್ತು ಶೇಂಗಾ ಎರಡೂ ಸಮುದ್ರ ದಾಟಿ ಬಂದವು. ಮಂಡಾಳಾಗುವ ಭತ್ತ ಕಾಲುವೆಯ ನೀರಿನಿಂದ ಬೆಳೆದದ್ದು. ಈ ಸೀಮೆಯ ಊಟ ಇಂದಿನ ರೂಪ ಪಡೆದದ್ದು ಹೊರಗಿನಿಂದ ಬಂದ ಪ್ರಯಾಣಿಕರಿಂದ ಮತ್ತು ತುಂಗಭದ್ರೆಯ ನೀರಿನಿಂದ. ಇದು ಹೇಗೆಂಬುದನ್ನು ನೋಡೋಣ.

ಕುರುಗೋಡಿನ ಸಿಂದರ ಕಾಲ

ಬಳ್ಳಾರಿಗೆ ಸಮೀಪದ ಕುರುಗೋಡು ಇಂದು ದೊಡ್ಡಬಸವೇಶ್ವರನ ಜಾತ್ರೆಯಿಂದ ಹೆಸರಾದ ಊರು. 12ನೆಯ ಶತಮಾನದಲ್ಲಿ ಅದು ಸಿಂದ ಅರಸರ ರಾಜಧಾನಿಯಾಗಿತ್ತು. ಈ ಸಿಂದರು ಕಲ್ಯಾಣದ ಚಾಲುಕ್ಯರ ಸಾಮಂತರು. ಅದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ಕ್ರಿ.ಶ. 1130ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಅಡುಗೆಗೆಂದೇ ಒಂದು ಭಾಗವಿದೆ. ಇಂದಿನ ದೋಸೆಯನ್ನು ನೆನಪಿಗೆ ತರುವ ಧೋಸಕ, ಇಡ್ಲಿಯ ಹಿರಿಯನಂತಿರುವ ಇಡ್ಡರಿಕಾ, ವಡೆಯನ್ನು ಹೋಲುವ ವಟಕ, ಬಗೆಬಗೆಯ ಮಾಂಸದ ಅಡುಗೆಗಳು ಅದರಲ್ಲಿ ಬರುತ್ತವೆ. ಖಾರಕ್ಕೆ ಬಳಸಿದ್ದು ಕಾಳುಮೆಣಸು ಮತ್ತು ಶುಂಠಿ. ಮೆಣಸಿನಕಾಯಿಯ ಸುದ್ದಿ ಅಲ್ಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ.

ಇದು ಅರಮನೆಯ ಊಟ. ರೈತನ ಊಟವನ್ನು ಯಾರೂ ಗ್ರಂಥದಲ್ಲಿ ಬರೆಯಲಿಲ್ಲ. ಆದರೂ ಈ ಸೀಮೆಯ ಮಣ್ಣೇ ಅದನ್ನು ಹೇಳುತ್ತದೆ. ಕಪ್ಪು ಎರೆ ಭೂಮಿಯಲ್ಲಿ ಹಿಂಗಾರಿನ ಜೋಳ, ಮಸಾರಿ ಭೂಮಿಯಲ್ಲಿ ನವಣೆ ಮತ್ತು ಸಜ್ಜೆ. ಜೋಳದ ರೊಟ್ಟಿ, ನವಣೆ ಅನ್ನ, ಗುರೆಳ್ಳು ಪುಡಿ, ಸೊಪ್ಪು, ಮಜ್ಜಿಗೆ, ಇವೇ ಬಡವರ ಬದುಕನ್ನು ನಡೆಸಿದವು. ಇನ್ನೊಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಮ್ಮದೇ ಎಂದು ನಾವು ಭಾವಿಸುವ ಜೋಳ ಮತ್ತು ಸಜ್ಜೆ ಕೂಡ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾ ಖಂಡದಿಂದ ಬಂದ ಬೆಳೆಗಳು. ಅಂದರೆ ರೊಟ್ಟಿಯೂ ಒಂದು ಕಾಲದ ಅತಿಥಿಯೇ.

ಹೆರಾತ್‌ನಿಂದ ಬಂದ ರಾಯಭಾರಿ

1443ರಲ್ಲಿ ಹೆರಾತ್ ನಗರದ ಒಬ್ಬ ವಿದ್ವಾಂಸ ವಿಜಯನಗರಕ್ಕೆ ಬಂದನು. ಅವನೇ ಕಮಾಲುದ್ದೀನ್ ಅಬ್ದುರ್ ರಜಾಕ್ ಸಮರ್ಖಂದಿ. ಪಠ್ಯಪುಸ್ತಕಗಳಲ್ಲಿ ಅವನನ್ನು 'ಅಬ್ದುಲ್ ರಜಾಕ್' ಎಂದು ಓದಿರುತ್ತೀರಿ. ತೈಮೂರನ ಮಗ ಸುಲ್ತಾನ್ ಶಾರುಖ್‌ನ ರಾಯಭಾರಿಯಾಗಿ ಅವನು ಮೊದಲು ಕಲ್ಲಿಕೋಟೆಗೆ ಬಂದಿಳಿದನು. ಎರಡನೆಯ ದೇವರಾಯನ ಕರೆ ಬಂದ ಮೇಲೆ ಮಂಗಳೂರಿನ ದಾರಿಯಾಗಿ ರಾಜಧಾನಿ ತಲುಪಿದನು. ಅವನು ಕಂಡ ಹಂಪಿ 2021ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಈಗ ವಿಜಯನಗರ ಜಿಲ್ಲೆಗೆ ಸೇರಿದೆ.

ಅಬ್ದುರ್ ರಜಾಕ್ ಬರುವ ಮುಂಚೆ ಆ ನಗರದಲ್ಲಿ ಒಂದು ಘೋರ ಘಟನೆ ನಡೆದಿತ್ತು. ರಾಜನ ತಮ್ಮನು ಹೊಸ ಮನೆ ಕಟ್ಟಿಸಿ ಔತಣಕ್ಕೆಂದು ಗಣ್ಯರನ್ನು ಕರೆದು, ಒಬ್ಬೊಬ್ಬರನ್ನೇ ಒಳಗೆ ಕರೆಸಿ ಕೊಲ್ಲಿಸಿದನು. ರಾಜನ ಮೇಲೂ ಕೈ ಮಾಡಿದನು. ರಾಜನು ಗಾಯಗೊಂಡರೂ ಬದುಕಿ ಉಳಿದನು. ಔತಣದ ಮನೆಯೇ ಕೊಲೆಮನೆಯಾದ ಕೆಲವೇ ತಿಂಗಳಲ್ಲಿ, ಅದೇ ನಗರ ಪರದೇಶದ ಪರಧರ್ಮದ ಅತಿಥಿಯನ್ನು ಹೇಗೆ ನೋಡಿಕೊಂಡಿತು ಎಂಬುದನ್ನು ಅವನೇ ಬರೆದಿಟ್ಟಿದ್ದಾನೆ. ದಿನವೂ ಅವನ ಬಿಡಾರಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ ಮತ್ತು ಎರಡು ಬಂಗಾರದ ವರಹ ಬರುತ್ತಿದ್ದವು. ವಾರಕ್ಕೆ ಎರಡು ಸಲ ಸಂಜೆ ಅರಮನೆಗೆ ಕರೆ ಬರುತ್ತಿತ್ತು. ಹಿಂದಿರುಗುವಾಗ ವೀಳ್ಯ, ಹಣದ ಚೀಲ ಮತ್ತು ಕರ್ಪೂರ ಕೊಡುತ್ತಿದ್ದರು.

ಇದರಲ್ಲಿ ಎರಡು ಸಂಗತಿಗಳಿವೆ. ಅತಿಥಿಗೆ ಕೊಟ್ಟದ್ದು ಬೇಯಿಸಿದ ಊಟವಲ್ಲ, ಪಡಿ. ತನ್ನ ಪದ್ಧತಿಯಂತೆ ಬೇಯಿಸಿಕೊಂಡು ಉಣ್ಣಲು ಅವನಿಗೆ ಅವಕಾಶವಾಯಿತು. ಎರಡನೆಯದಾಗಿ, ಆ ಪಡಿಯಲ್ಲಿದ್ದ ಧಾನ್ಯ ಜೋಳವಲ್ಲ, ಅಕ್ಕಿ. ಅಕ್ಕಿ ಆಗ ಗೌರವದ ಊಟ.

ವೀಳ್ಯದೆಲೆಯಂತೂ ಅಬ್ದುರ್ ರಜಾಕ್‌ಗೆ ಬಹಳ ಹಿಡಿಸಿತು. ಅಡಿಕೆಯನ್ನು ಜಜ್ಜುವ, ಎಲೆಗೆ ಸುಣ್ಣ ಸವರಿ ಮಡಿಸುವ ಬಗೆ, ಅದು ಮುಖಕ್ಕೆ ಕೊಡುವ ಕಳೆ, ಹಸಿದವನ ಹಸಿವನ್ನು ತಣಿಸಿ ಉಂಡವನಿಗೆ ಮತ್ತೆ ಹಸಿವು ಹುಟ್ಟಿಸುವ ಗುಣ, ಎಲ್ಲವನ್ನೂ ಅವನು ಬರೆದಿದ್ದಾನೆ. ಇಲ್ಲಿಯ ಜನರಿಗೆ ಗುಲಾಬಿ ಹೂ ಊಟದಷ್ಟೇ ಅಗತ್ಯವೆಂದೂ ಹೇಳಿದ್ದಾನೆ.

ಅವನು ಬರುವ ನಾಲ್ಕು ವರ್ಷ ಮೊದಲು, 1439ರಲ್ಲಿ, ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬಾತ ಅದೇ ನಗರದಲ್ಲಿ ಒಂದು ಮಸೀದಿ ಕಟ್ಟಿಸಿದ್ದನು. ಅಲ್ಲಿಯ ಶಾಸನ ಆ ಕಟ್ಟಡವನ್ನು 'ಧರ್ಮಸಾಲೆ' ಎಂದು ಕರೆಯುತ್ತದೆ. ಆ ಕಟ್ಟಡ ಇಂದಿಗೂ ಹಂಪಿಯಲ್ಲಿದೆ.

ಮೆಣಸಿನಕಾಯಿ ಬಂದ ದಾರಿ

ಅಬ್ದುರ್ ರಜಾಕ್ ಇಲ್ಲಿ ಒಂದೇ ಒಂದು ಮೆಣಸಿನಕಾಯಿಯನ್ನೂ ತಿನ್ನಲಿಲ್ಲ. ಮೆಣಸಿನಕಾಯಿ ಮತ್ತು ಶೇಂಗಾ ಅಮೆರಿಕ ಖಂಡದ ಬೆಳೆಗಳು. ಕೊಲಂಬಸ್ ಅತ್ತ ಹೋದದ್ದೇ 1492ರಲ್ಲಿ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಹಡಗುಗಳ ಮೂಲಕ ಮೆಣಸಿನಕಾಯಿ ನಮ್ಮ ಕರಾವಳಿಗೆ ಬಂದು ನಂತರ ಒಳನಾಡಿಗೆ ಹಬ್ಬಿತು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಮೊದಲೇ ಇದ್ದ ಕಾಳು 'ಮೆಣಸು', ಹೊಸದಾಗಿ ಬಂದದ್ದು 'ಮೆಣಸಿನ ಕಾಯಿ'. ಬಂದ ಅತಿಥಿಗೆ ಮನೆಯವರ ಹೆಸರನ್ನೇ ಇಟ್ಟಂತಾಯಿತು.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರವನ್ನು ಕಂಡನು. ಅಕ್ಕಿ, ಜೋಳ, ಕಾಳುಗಳು, ದ್ರಾಕ್ಷಿ, ದಾಳಿಂಬೆ, ಕಿತ್ತಳೆ, ಮಾವು, ಹಲಸು, ಬದನೆ, ದಿನವೂ ಹೇರಿಕೊಂಡು ಬರುವ ಲಿಂಬೆಹಣ್ಣು, ಇವನ್ನೆಲ್ಲ ಅವನು ಬೆರಗಿನಿಂದ ವರ್ಣಿಸಿದ್ದಾನೆ. ಇಷ್ಟು ಸಮೃದ್ಧಿಯ ಮಾರುಕಟ್ಟೆಯಿದ್ದರೂ ನಮ್ಮ ಮಿರ್ಚಿಯ ಕಾಲ ಇನ್ನೂ ಬಂದಿರಲಿಲ್ಲ. ಇಂದು ಬಳ್ಳಾರಿ, ಕುರುಗೋಡು, ಸಿರುಗುಪ್ಪ ಭಾಗದ ರೈತರು ಒಣಮೆಣಸಿನಕಾಯಿಯನ್ನು ಲಾರಿಗಟ್ಟಲೆ ಬ್ಯಾಡಗಿಯ ಮಾರುಕಟ್ಟೆಗೆ ಒಯ್ಯುತ್ತಾರೆ. ಹೊರಗಿನಿಂದ ಬಂದ ಕಾಯಿಯೇ ಇಲ್ಲಿಯ ರೈತನ ಲಾಭ-ನಷ್ಟವನ್ನು ನಿರ್ಧರಿಸುವಂತಾಗಿದೆ.

ತಟ್ಟೆ ಬರಿದಾದ ದಿನಗಳು

ಊಟದ ಚರಿತ್ರೆ ಬರೆಯುವವರು ಹಸಿವಿನ ಚರಿತ್ರೆಯನ್ನು ಬಿಡಬಾರದು. 1800ರಲ್ಲಿ ನಿಜಾಮನು ಈ ಪ್ರದೇಶವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಅಂದಿನಿಂದ ಬಳ್ಳಾರಿ ಮದ್ರಾಸ್ ಆಡಳಿತಕ್ಕೆ ಒಳಪಟ್ಟಿತು. 1876ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು 'ಧಾತು-ಈಶ್ವರದ ಬರ' ಎಂದು ಕರೆದದ್ದು ಇದನ್ನೇ. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಇಲ್ಲಿಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗದಷ್ಟು ಕುಸಿಯಿತು.

ಬರ ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದು ಆಣೆ ಸಾಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದನು. ಇಷ್ಟರಿಂದ ದುಡಿಯುವ ದೇಹ ಉಳಿಯುವುದಿಲ್ಲವೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ವಿರೋಧಿಸಿದನು. ಕೆಲ ತಿಂಗಳ ನಂತರ ಕೂಲಿಯನ್ನು ಹೆಚ್ಚಿಸಲಾಯಿತು. ಅಷ್ಟರಲ್ಲಿ ಎಷ್ಟೋ ಜೀವಗಳು ಹೋಗಿದ್ದವು. ಒಬ್ಬ ಅತಿಥಿಗೆ ದಿನಕ್ಕೆ ಐದು ಮಣ ಅಕ್ಕಿ ಕೊಟ್ಟ ನಾಡಿನಲ್ಲೇ, ಮಣ್ಣು ಹೊರುವವನಿಗೆ ಬದುಕಲು ಎಷ್ಟು ಕಾಳು ಸಾಕೆಂದು ಅಳೆಯುವ ಕಾಲ ಬಂದಿತು.

ಸಿರುಗುಪ್ಪದ ಭತ್ತ

ನೀರು ಇದ್ದ ಕಡೆ ಮಾತ್ರ ಕತೆ ಬೇರೆ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಒಡ್ಡು ಕಟ್ಟಿ ಕಾಲುವೆಗಳನ್ನು ತೋಡಲಾಗಿತ್ತು. ರಾಯ, ಬಸವಣ್ಣ, ತುರ್ತು, ಕಂಪ್ಲಿ, ಬೆಳಗೋಡು, ಸಿರುಗುಪ್ಪ, ದೇಶನೂರು ಮುಂತಾದ ಕಾಲುವೆಗಳ ಹೆಸರು ಈ ಭಾಗದ ರೈತರಿಗೆ ಬಾಯಿಪಾಠ. ನದಿಯ ಪಕ್ಕದ ಈ ಪಟ್ಟಿಯಲ್ಲಿ ಭತ್ತ ಬೆಳೆಯುತ್ತಿತ್ತು. ಉಳಿದ ಸೀಮೆ ಮೋಡ ನೋಡುತ್ತಿತ್ತು.

1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದಿತು. ಮದ್ರಾಸ್ ಮತ್ತು ಹೈದರಾಬಾದ್ ಎರಡೂ ಸೇರಿ ಕೈಗೊಂಡ ಕೆಲಸವಿದು. 1953ರ ಹೊತ್ತಿಗೆ ಕಾಲುವೆಗೆ ನೀರು ಬಂದಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ನೀರಿನ ಹಿಂದೆಯೇ ಕರಾವಳಿ ಆಂಧ್ರದ ರೈತರೂ ಬಂದು ನೆಲೆಸಿದರು. ಅವರು ಬೀಡುಬಿಟ್ಟ ಜಾಗಗಳು ಇಂದಿಗೂ 'ಕ್ಯಾಂಪ್' ಎಂಬ ಹೆಸರಿನ ಊರುಗಳಾಗಿ ಉಳಿದಿವೆ. ಜೋಳದ ಹೊಲ ಭತ್ತದ ಗದ್ದೆಯಾಯಿತು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳು ಎದ್ದವು. ಅಕ್ಕಿ ಹಬ್ಬದ ಊಟವಾಗಿದ್ದದ್ದು ದಿನದ ಊಟವಾಯಿತು. ಜೊತೆಗೆ ಕೆಲವು ಕಡೆ ಭೂಮಿ ಸವಳು-ಜವಳಾಗಿ ಹಾಳಾದದ್ದೂ ನಿಜ.

ಒಂದು ಸೊಪ್ಪು, ಮೂರು ಹೆಸರು

ಗಡಿ ಭೂಪಟದಲ್ಲಿರುತ್ತದೆ, ಅಡುಗೆಮನೆಯಲ್ಲಿ ಇರುವುದಿಲ್ಲ. ಬಳ್ಳಾರಿಯ ವಗ್ಗರಣೆಯೇ ಅನಂತಪುರ, ಕರ್ನೂಲು ಕಡೆ 'ಉಗ್ಗಾನಿ'. ನಾವು ಪುಂಡಿಪಲ್ಲೆ ಎನ್ನುವ ಸೊಪ್ಪು ತೆಲುಗಿನಲ್ಲಿ ಗೋಂಗೂರ, ದಖ್ಖನಿ ಮಾತನಾಡುವ ನಮ್ಮ ಮನೆಗಳಲ್ಲಿ ಅಂಬಾಡೆ ಕಿ ಭಾಜಿ. ಮೂರು ಮನೆಗಳಲ್ಲೂ ಅದಕ್ಕೆ ಜೊತೆ ಜೋಳದ ರೊಟ್ಟಿಯೇ. ಮದುವೆ ಮನೆಯ ಬಗಾರಾ ಅನ್ನದ ಪಕ್ಕದ ದಾಲ್ಚಾದಲ್ಲಿ ಕಡ್ಲೆಬೇಳೆ, ಸೋರೆಕಾಯಿ, ಹುಣಸೆಹುಳಿ ಎಲ್ಲವೂ ಈ ನೆಲದವೇ. ಹಾಗೆಯೇ ಮಸಾಲೆ, ಹಲ್ವಾ, ಪಲಾವ್ ಎಂಬ ಅರಬ್ಬಿ-ಪಾರಸಿ ಮೂಲದ ಮಾತುಗಳು ಇಂದು ಪ್ರತಿಯೊಬ್ಬ ಕನ್ನಡಿಗನ ಬಾಯಲ್ಲಿವೆ. ಇಂಥ ಊಟ ನಮ್ಮದು, ಇಂಥದ್ದು ಅವರದು ಎಂದು ಗೆರೆ ಎಳೆಯಲು ಹೊರಟರೆ ತಟ್ಟೆಯಲ್ಲಿ ಉಪ್ಪೂ ಉಳಿಯಲಾರದು.

ನಮ್ಮ ಕರ್ತವ್ಯ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಇಳಿಸಲು ಸುಮಾರು ಒಂದು ವಾರ ಬೇಕಾಯಿತು. ಆ ವಾರ ಸಿರುಗುಪ್ಪ, ಕುರುಗೋಡಿನ ರೈತರು ಪಟ್ಟ ಆತಂಕ ಸಣ್ಣದಲ್ಲ. ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ನಮ್ಮ ತಟ್ಟೆಯ ಅನ್ನ ಎಷ್ಟು ತೆಳುವಾದ ಆಧಾರದ ಮೇಲೆ ನಿಂತಿದೆ ಎಂಬುದನ್ನು ಇದರಿಂದ ತಿಳಿಯಬಹುದು.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಎರಡು ವಿನಂತಿ. ಮದುವೆ, ವಲೀಮಾ ಊಟಗಳಲ್ಲಿ ಎಲೆಯಲ್ಲಿ ಬಿಟ್ಟು ಏಳುವ ಅನ್ನವನ್ನು ನೋಡಿದಾಗ 1877ರ ಆ 450 ಗ್ರಾಂ ಧಾನ್ಯವನ್ನು ನೆನೆಯಿರಿ. ಇನ್ನೊಂದು, ಮನೆಯಲ್ಲಿ ಅಜ್ಜಿ ಅಥವಾ ನಾನಿ-ದಾದಿ ಇದ್ದರೆ ಹತ್ತಿರ ಕುಳಿತು ಕೇಳಿರಿ. ಕಾಲುವೆ ಬರುವ ಮುಂಚೆ ಏನು ಉಣ್ಣುತ್ತಿದ್ದರು, ನವಣೆಯನ್ನು ಹೇಗೆ ಕುಟ್ಟುತ್ತಿದ್ದರು, ಅಕ್ಕಿ ಅನ್ನ ಯಾವ ದಿನ ಮಾಡುತ್ತಿದ್ದರು, ನೆರೆಮನೆಯಿಂದ ಹಬ್ಬಕ್ಕೆ ಏನು ಬರುತ್ತಿತ್ತು ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಅಬ್ದುರ್ ರಜಾಕ್ ಬರೆದಿಟ್ಟಿದ್ದರಿಂದ ಆರು ಶತಮಾನಗಳ ಹತ್ತಿರದ ಹಿಂದಿನ ಅತಿಥಿಯ ಪಡಿ ನಮಗೆ ಗೊತ್ತಾಯಿತು. ನಮ್ಮ ಅಜ್ಜಿಯರ ಪಡಿಯನ್ನು ಬರೆಯಬೇಕಾದವರು ನಾವೇ.