ಫೋನಿನ ‘ಟಿಂಗ್’ ಲ್ಯಾಪ್‌ಟಾಪಿಗೆ ಬಂದ ದಾರಿ

ಲ್ಯಾಪ್‌ಟಾಪ್ ಮುಂದೆ ಕೂತಿರ್ತೀರ, ಫೋನು ಒಳಗಡೆ ಚಾರ್ಜಿಗಿರುತ್ತೆ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ವಾಟ್ಸಾಪ್ ಮೆಸೇಜೋ ಅಮ್ಮನ ಮಿಸ್ಡ್ ಕಾಲೋ ಕಾಣಿಸಿಕೊಳ್ಳುತ್ತೆ. ಇವತ್ತು ಇದರಿಂದ ಯಾರಿಗೂ ಆಶ್ಚರ್ಯ ಆಗಲ್ಲ. ಆದರೆ ಆ ಒಂದು ಸಾಲು ಯಾವ ದಾರಿಯಲ್ಲಿ ಬಂತು? ನಡುವೆ ಯಾರ ಕೈ ದಾಟಿತು? ನನಗೆ ಕುತೂಹಲ ಇರೋದು ಇಲ್ಲಿ.

2013ರ ಜುಲೈನಲ್ಲಿ ಆಂಡ್ರಾಯ್ಡ್ 4.3 ಬಂತು. ನಾವು ಅನುಮತಿ ಕೊಟ್ಟರೆ ಒಂದು ಆಪ್ ಉಳಿದೆಲ್ಲ ಆಪ್‌ಗಳ ನೋಟಿಫಿಕೇಶನ್ ಓದಬಹುದು ಅನ್ನೋ ವ್ಯವಸ್ಥೆ ಅದರಲ್ಲಿತ್ತು. ಅದಕ್ಕೂ ಮುಂಚೆ ಡೆವಲಪರ್‌ಗಳು ಹಿತ್ತಲ ಬಾಗಿಲಿಂದ ಬರ್ತಿದ್ದರು: ಅಂಗವಿಕಲರ ಅನುಕೂಲಕ್ಕೆ ಮಾಡಿದ್ದ ಆಕ್ಸೆಸಿಬಿಲಿಟಿ ಸೇವೆಯನ್ನೇ ಇದಕ್ಕೂ ಬಳಸಿಕೊಳ್ತಿದ್ದರು. ಈಗ ಮುಂಬಾಗಿಲು ತೆರೆಯಿತು.

ಅದೇ ವರ್ಷ ಆಲ್ಬರ್ಟ್ ವಾಕಾ ಎಂಬ ಯುವಕ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಕೆಡಿಇ ಕನೆಕ್ಟ್ ಶುರು ಮಾಡಿದರು. ಲಿನಕ್ಸ್ ಬಳಸುವವರಿಗೆ ಇದು ಗೊತ್ತಿರುತ್ತೆ. ಫೋನು, ಕಂಪ್ಯೂಟರು ಎರಡೂ ಒಂದೇ ವೈಫೈನಲ್ಲಿರಬೇಕು. ಒಂದು ‘ನಾನಿಲ್ಲಿದ್ದೀನಿ’ ಅಂತ ನೆಟ್‌ವರ್ಕಿಗೆಲ್ಲ ಕೂಗುತ್ತೆ, ಇನ್ನೊಂದು ಓಗೊಡುತ್ತೆ. ನೀವು ಒಪ್ಪಿ ಜೋಡಿಸಿದ ಮೇಲೆ ಮಾತುಕತೆ ಗೂಢಲಿಪಿಯಲ್ಲಿ ನಡೆಯುತ್ತೆ. ನಡುವೆ ಯಾವ ಕಂಪನಿಯ ಸರ್ವರೂ ಇಲ್ಲ. ಕಾಲೇಜು, ಹಾಸ್ಟೆಲ್ ವೈಫೈಗಳಲ್ಲಿ ಇದು ಎಷ್ಟೋ ಸಲ ಕೈಕೊಡುತ್ತೆ. ಅಂಥ ಕಡೆ ಒಂದು ಸಾಧನಕ್ಕೆ ಇನ್ನೊಂದು ಕಾಣದ ಹಾಗೆ ಕಟ್ಟು ಹಾಕಿರ್ತಾರೆ, ಅದಕ್ಕೇ.

ಪುಶ್‌ಬುಲೆಟ್ ಹಿಡಿದ ದಾರಿ ಬೇರೆ. ನೋಟಿಫಿಕೇಶನ್ ಇಂಟರ್ನೆಟ್‌ಗೆ ಹೋಗಿ, ಅವರ ಸರ್ವರ್ ಮುಟ್ಟಿ, ನಿಮ್ಮ ಬ್ರೌಸರ್‌ಗೆ ವಾಪಸ್ ಬರುತ್ತೆ. ಪಕ್ಕದ ಮನೆಗೆ ಚೀಟಿ ಕೊಡೋಕೆ ಅಂಚೆ ಕಚೇರಿಗೆ ಹೋದ ಹಾಗೆ! ಸುತ್ತುದಾರಿ, ನಿಜ. ಆದರೆ ಫೋನು ಮನೆಯಲ್ಲಿದ್ದು ನೀವು ಆಫೀಸಿನಲ್ಲಿದ್ದರೂ ಕೆಲಸ ಮಾಡುತ್ತೆ. ಜನಕ್ಕೆ ಬಹಳ ಇಷ್ಟವಾಯ್ತು. ಎರಡು ತುದಿಯ ನಡುವೆ ಯಾರೂ ಓದದಂಥ ಎನ್‌ಕ್ರಿಪ್ಶನ್ ಆಯ್ಕೆ ಸಿಕ್ಕಿದ್ದು 2015ರಲ್ಲಿ. ಅದೇ ವರ್ಷದ ಕೊನೆಗೆ, ಅಲ್ಲಿವರೆಗೂ ಬಿಟ್ಟಿ ಸಿಗ್ತಿದ್ದ ಕೆಲವು ಸೌಲಭ್ಯಗಳಿಗೆ ದುಡ್ಡು ಕೇಳಿದರು. ಬಳಕೆದಾರರು ಸಿಡಿದೆದ್ದರು. ಕಾಮರ್ಸ್ ಓದಿದ ನನಗೆ ಕಂಪನಿ ಮೇಲೆ ಅಷ್ಟೇನೂ ಕೋಪ ಬರಲ್ಲ. ಸರ್ವರ್ ಬಿಲ್ಲು ಪ್ರತಿ ತಿಂಗಳು ಬರುತ್ತೆ, ಅದನ್ನ ಯಾರೋ ಒಬ್ಬರು ಕಟ್ಟಲೇಬೇಕು. ದುಡ್ಡಲ್ಲಿ ಕಟ್ಟಿಬಿಡೋದು ವಾಸಿ, ಅಂತ ನನ್ನ ಲೆಕ್ಕ.

ಆಮೇಲೆ ದೊಡ್ಡವರು ಬಂದರು, ಕೆಲವರು ಮೊದಲೇ ಬಂದಿದ್ದರು. ಆಪಲ್ 2014ರಲ್ಲೇ ಐಫೋನಿನ ಎಸ್ಸೆಮ್ಮೆಸ್ಸನ್ನ ಮ್ಯಾಕ್‌ಗೆ ತಂದಿತ್ತು. ಮೈಕ್ರೋಸಾಫ್ಟ್‌ನ ‘ಯುವರ್ ಫೋನ್’ 2018ರದ್ದು, 2022ರಲ್ಲಿ ‘ಫೋನ್ ಲಿಂಕ್’ ಅಂತ ಹೆಸರು ಬದಲಾಯ್ತು.

ನಮ್ಮ ದೇಶದಲ್ಲಿ ಈ ಕಥೆಗೆ ಇನ್ನೊಂದು ತೂಕ ಇದೆ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಹಂತದ ದೃಢೀಕರಣ ಬೇಕು ಅಂತ ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತು. ನಮಗೆ ಅದು ಅಂದರೆ ಒಟಿಪಿ. ಆ ಒಟಿಪಿ ಬರೋದೂ ನೋಟಿಫಿಕೇಶನ್ನಿನಲ್ಲೇ. ಅಂದರೆ ನೋಟಿಫಿಕೇಶನ್ ಓದೋ ಆಪು ಒಟಿಪಿಯನ್ನೂ ಓದುತ್ತೆ. 2024ರ ಆಂಡ್ರಾಯ್ಡ್ 15 ಇದಕ್ಕೆ ಕಡಿವಾಣ ಹಾಕಿತು: ಸಿಸ್ಟಮ್ ನಂಬದ ಆಪ್‌ಗಳಿಗೆ ಒಟಿಪಿ ಇರೋ ನೋಟಿಫಿಕೇಶನ್ನಿನ ಒಳಗಿನ ಮಾತು ಕಾಣಲ್ಲ. ಕನ್ನಡಿಯಲ್ಲಿ ಒಟಿಪಿ ಬರ್ತಿಲ್ಲ ಅಂತ ಗೊಣಗೋವರು ಇದ್ದಾರೆ, ನನಗೆ ಮಾತ್ರ ಇದು ತಡವಾಗಿ ಬಂದ ಒಳ್ಳೆ ಬುದ್ಧಿ ಅನ್ನಿಸುತ್ತೆ. ಹಳೇ ಫೋನಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ನೋಟಿಫಿಕೇಶನ್ ಆಕ್ಸೆಸ್’ ಅಂತ ಹುಡುಕಿ, ಆ ಪಟ್ಟಿಯಲ್ಲಿ ಯಾರ್ಯಾರಿದ್ದಾರೆ ನೋಡಿ.