‘ಆಯ’ವೆಂಬ ಶಬ್ದವೂ ಆದಾಯ ಕರವೂ

ನಮ್ಮ ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಮನೆಪಟ್ಟಿ, ಹೊಲದ ಸಾರಾ, ಆದಾಯ ಕರ ಇವೆಲ್ಲವನ್ನೂ ಜನರು ‘ಟ್ಯಾಕ್ಸು’ ಎಂದೇ ಕರೆಯುವದುಂಟು. ಹೆಸರು ಒಂದಾದ ಮಾತ್ರಕ್ಕೆ ವಸ್ತುವು ಒಂದಾಗಲಾರದು. ಆದಕಾರಣ ಶಬ್ದಾರ್ಥವನ್ನು ಕೊಂಚ ಶೋಧಿಸುವದು ಅವಶ್ಯವು.

‘ಆಯ’ವೆಂದರೆ ಬರುವದು, ‘ವ್ಯಯ’ವೆಂದರೆ ಹೋಗುವದು, ಎರಡೂ ‘ಇ’ ಧಾತುವಿನಿಂದ ಹುಟ್ಟಿದವು. ‘ಆದಾಯ’ವು ‘ದಾ’ ಧಾತುವಿನದು. ತೆಗೆದುಕೊಳ್ಳುವದೆಂಬುದು ಅದರ ಮೂಲಾರ್ಥ. ‘ತೆರಿಗೆ’ಯು ತೆರುವದರಿಂದಾದ ಅಚ್ಚ ಕನ್ನಡ ಪದ.

ಆದರೆ ಬರುವದು ಯಾರಿಗೆ? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಆಯ’ವು ಅರಸನ ಬೊಕ್ಕಸಕ್ಕೆ ಬರತಕ್ಕದ್ದು. ನಮ್ಮ ಶಿಲಾಶಾಸನಗಳ ‘ಸಿದ್ಧಾಯ’ವೂ ಊರಿನಿಂದ ಸಲ್ಲತಕ್ಕ ಗೊತ್ತಾದ ತೆರಿಗೆಯೇ. ಹಳ್ಳಿಯ ಕಣದಲ್ಲಿ ಬಡಿಗ-ಕಮ್ಮಾರರು ಪಡೆಯುತ್ತಿದ್ದ ಕಾಳಿನ ಪಾಲು ಸಹ ‘ಆಯ’ವು, ಅದರಿಂದಲೇ ಅವರು ಆಯಗಾರರು. ಗೃಹಸ್ಥನೊಬ್ಬನ ವರ್ಷದ ಗಳಿಕೆಯೆಂಬ ಅರ್ಥವು ಕರದೊಡನೆ ಕೂಡಿದ್ದು ಈಚೆಗೆ.

1857ರ ದಂಗೆಯಿಂದ ಸರಕಾರದ ಬೊಕ್ಕಸವು ಬರಿದಾಗಲು, ಜೇಮ್ಸ್ ವಿಲ್ಸನ್ ಸಾಹೇಬನು 1860ರಲ್ಲಿ ಈ ಕರವನ್ನು ಹಿಂದುಸ್ಥಾನಕ್ಕೆ ತಂದನು. 1865ರಲ್ಲಿ ಅದು ನಿಂತಿತು. ಮುಂದೆ ಬೇರೆ ಬೇರೆ ರೂಪಗಳಿಂದ ಬಂದು ಹೋಗಿ, 1886ರ ಕಾಯ್ದೆಯಿಂದ ಸ್ಥಿರವಾಯಿತು. ಆಗ ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಗಳಿಸುವವನಿಗೆ ಕರವಿರಲಿಲ್ಲ. ಒಕ್ಕಲುತನದ ಉತ್ಪನ್ನವನ್ನೂ ಬಿಟ್ಟಿದ್ದರು. ಯಾಕಂದರೆ ಭೂಮಿಯು ಸಾರಾ ಕೊಡುತ್ತಲೇ ಇತ್ತು. ಆ ಬಿಡುವು 1922, 1961, 2025ರ ಕಾಯ್ದೆಗಳಲ್ಲಿಯೂ ಉಳಿದು ಬಂದಿದೆ.

ಧಾರವಾಡ ಜಿಲ್ಹೆಯಲ್ಲಿ 1840ರ ನಂತರ ವಿಂಗೇಟ ಸಾಹೇಬನ ಮೋಜಣಿಯು ಮಣ್ಣಿನ ತರವನ್ನು ನೋಡಿ ಮೂವತ್ತು ವರ್ಷಗಳಿಗೆ ಸಾರಾ ಗೊತ್ತುಮಾಡಿತ್ತು. ಮಳೆಯು ಬರಲಿ, ಹೋಗಲಿ, ಆಕಾರವು ಹೊಲದ ಮೇಲೆ ನಿಂತೇ ಇರುವದು. ಆದಾಯ ಕರವು ಹಾಗಲ್ಲ, ಗಳಿಕೆಯಿಲ್ಲದಿದ್ದರೆ ಕರವಿಲ್ಲ. ಅದು ವಸ್ತುವನ್ನು ನೋಡದೆ ಗಳಿಕೆಯನ್ನು ನೋಡುವದು.

ನನಗೆ ಪರಿಚಿತನಾದ ಹುಬ್ಬಳ್ಳಿಯ ಅರಳೆಯ ದಲಾಲನೊಬ್ಬನು ತನ್ನ ಕೈಮೇಲೆ ಹಾಯ್ದ ಹಣವೆಲ್ಲವೂ ‘ಆದಾಯ’ವೆಂದು ತಿಳಿದು, ಅಂಜಿ, ಕೀರ್ದಿಯ ಪುಟಗಳನ್ನೇ ಬಚ್ಚಿಟ್ಟನು. ಅರಳೆಯ ಬೆಲೆಯು ರೈತನದು. ಇವನದು ದಲಾಲಿ ಮಾತ್ರ, ಅದರಲ್ಲಿಯೂ ಅಂಗಡಿಯ ವೆಚ್ಚವನ್ನು ಕಳೆದು ಉಳಿದದ್ದು. ಇಷ್ಟನ್ನು ಅರಿಯದ್ದರಿಂದ, ಸುಳ್ಳಾಡಬೇಕಾದ ಪ್ರಸಂಗವೇ ಇಲ್ಲದವನು ಸುಳ್ಳುಗಾರನಾದನು.

ಹಿಂದೆ ಅಧಿಕಾರಿಯು ಬಂದು ಹೊಲವನ್ನು ಅಳೆಯುತ್ತಿದ್ದನು. ಈಗ ತನ್ನ ಆಯವನ್ನು ಗೃಹಸ್ಥನು ತಾನೇ ಬರೆದು ತಿಳಿಸಬೇಕು. ಅರಸನ ಶಬ್ದವು ನಮ್ಮ ಮನೆಗೆ ಬಂದಿತು. ಅದರೊಡನೆ ಸತ್ಯವನ್ನು ನುಡಿಯುವ ಹೊಣೆಯೂ ಬಂದಿತು.